ಗಡಿನಾಡ ರಾಜಧಾನಿಯ ಕಲ್ಲಿನ ಕೋಟೆ: ಹಳೆಯ ಛಾಯಾಚಿತ್ರಗಳ ಸಾಕ್ಷ್ಯ

ತುಂಗಭದ್ರೆಯ ದಕ್ಷಿಣ ದಂಡೆಯಲ್ಲಿ 14ನೆಯ ಶತಮಾನದಲ್ಲಿ ತಲೆಯೆತ್ತಿದ ವಿಜಯನಗರವು ಸಾಮ್ರಾಜ್ಯದ ರಾಜಧಾನಿಯಾಗಿದ್ದಂತೆಯೇ ಅದರ ಉತ್ತರ ಗಡಿಯ ಕಾವಲು ನೆಲೆಯೂ ಆಗಿದ್ದಿತು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಗಾಗಿ ಬಹಮನಿ ಸುಲ್ತಾನರೊಡನೆ ಮೇಲಿಂದ ಮೇಲೆ ಯುದ್ಧಗಳು ನಡೆದವು. ಆದುದರಿಂದ ಈ ನಗರದ ಉಳಿವು ಅದರ ಕೋಟೆಯನ್ನು ಅವಲಂಬಿಸಿದ್ದಿತು.

ಬೆಟ್ಟದ ಹೆಬ್ಬಂಡೆಗಳನ್ನೇ ಆಸರೆಯಾಗಿಸಿಕೊಂಡು, ಬೆಣೆಗಳಿಂದ ಸೀಳಿದ ಕಣಶಿಲೆಯ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿಸಿ, ನಡುವೆ ಮಣ್ಣು ಮತ್ತು ಕಲ್ಲುಚೂರುಗಳನ್ನು ತುಂಬಿ ಗೋಡೆಗಳನ್ನು ಕಟ್ಟಲಾಯಿತು. 1443ರಲ್ಲಿ ಇಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಏಳು ಸುತ್ತಿನ ಕೋಟೆಯನ್ನೂ, ಹೊರವಲಯದಲ್ಲಿ ಶತ್ರುಗಳ ಅಶ್ವದಳವನ್ನು ತಡೆಯಲು ನೆಟ್ಟಿದ್ದ ಆಳೆತ್ತರದ ಕಲ್ಲುಗಳನ್ನೂ ವರ್ಣಿಸಿದ್ದಾನೆ. 1565ರ ಯುದ್ಧದ ಬಳಿಕ ನಗರವು ಹಾಳುಬಿದ್ದಿತು.

ಕಾಗದದ ಮೇಲೆ ಮೂಡಿದ ನಗರ

ಸುಮಾರು ಮೂರು ಶತಮಾನಗಳ ಅನಂತರ, 1855–56ರಲ್ಲಿ, ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಈ ಅವಶೇಷಗಳ ಛಾಯಾಚಿತ್ರಗಳನ್ನು ತೆಗೆದರು. ಮೇಣ ಹಚ್ಚಿದ ಕಾಗದವನ್ನು ಬೆಳ್ಳಿಯ ಲವಣಗಳಿಂದ ಸಂಸ್ಕರಿಸಿ, ಅದನ್ನೇ ನೆಗೆಟಿವ್ ಆಗಿ ಬಳಸುವುದು ಅವರ ವಿಧಾನ. ಒಂದೊಂದು ಚಿತ್ರಕ್ಕೂ ಬಹಳ ಹೊತ್ತು ಬೆಳಕು ಬೀಳಬೇಕಾಗಿದ್ದಿತು. ಅಷ್ಟು ಹೊತ್ತು ಅಲುಗಾಡದೆ ನಿಂತ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು; ನಡೆದುಹೋದ ಮನುಷ್ಯನ ಗುರುತು ಉಳಿಯುತ್ತಿರಲಿಲ್ಲ. ಹಳೆಯ ಚಿತ್ರದಲ್ಲಿ ಜನರು ಕಾಣದ ಮಾತ್ರಕ್ಕೆ ಅಲ್ಲಿ ಜನವಸತಿಯೇ ಇರಲಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ಈ ಚಿತ್ರಗಳು ಹೇಳುವ ಅತ್ಯಂತ ಮುಖ್ಯವಾದ ಸಂಗತಿಯು ವಿಠ್ಠಲ ದೇವಾಲಯದ ಪ್ರಾಕಾರದಲ್ಲಿರುವ ಕಲ್ಲಿನ ರಥಕ್ಕೆ ಸಂಬಂಧಿಸಿದುದು. 2017ರಲ್ಲಿ ಹೊರಬಂದ 50 ರೂಪಾಯಿಯ ನೋಟಿನ ಮೇಲೆ ಕಾಣುವ ಈ ರಥಕ್ಕೆ ಶಿಖರವಿಲ್ಲ. ಗ್ರೀನ್‌ಲಾ ಅವರ ಚಿತ್ರದಲ್ಲಾದರೋ ರಥದ ಮೇಲೆ ಇಟ್ಟಿಗೆ ಮತ್ತು ಗಾರೆಯ ಶಿಖರವು ಇನ್ನೂ ನಿಂತಿದೆ. ಆ ಬಳಿಕ ಅದನ್ನು ತೆಗೆಯಲಾಯಿತು. ನಾವು ಮೂಲರೂಪವೆಂದು ಭಾವಿಸಿರುವುದು ವಾಸ್ತವವಾಗಿ ಒಂದು ಭಾಗವನ್ನು ಕಳೆದುಕೊಂಡ ರೂಪ. ಆ ಚಿತ್ರವು ನಾಶವಾಗಿದ್ದರೆ ಶಿಖರವು ಹೇಗಿದ್ದಿತೆಂಬುದನ್ನು ಇಷ್ಟು ಖಚಿತವಾಗಿ ತಿಳಿಯುವುದು ಸಾಧ್ಯವಾಗುತ್ತಿರಲಿಲ್ಲ.

ಬಹುಕಾಲ ಮರೆಯಾಗಿದ್ದ ಈ ನೆಗೆಟಿವ್‌ಗಳು 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮರಳಿ ಚಿತ್ರಿಸಿದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಯಾವುದು ಉಳಿದಿದೆ, ಯಾವುದು ಬಿದ್ದಿದೆ, ಯಾವುದನ್ನು ಹೊಸದಾಗಿ ದುರಸ್ತಿ ಮಾಡಲಾಗಿದೆ ಎಂಬುದು ತಿಳಿಯುತ್ತದೆ. ಗಾರೆಯಿಲ್ಲದ ಗೋಡೆಗಳ ವಿಷಯದಲ್ಲಿ ಇಂತಹ ಸಾಕ್ಷ್ಯವು ವಿಶೇಷವಾಗಿ ಬೆಲೆಯುಳ್ಳದ್ದು. ಬೇರುಗಳು ಸರಿಸಿದ ಕಲ್ಲನ್ನು ಊಹೆಯಿಂದಲ್ಲ, ಚಿತ್ರವನ್ನು ನೋಡಿ ಅದರ ಸ್ಥಾನದಲ್ಲಿ ಇಡಬಹುದು.

ನಮ್ಮ ಕರ್ತವ್ಯ

1986ರಲ್ಲಿ ಹಂಪಿಯು ವಿಶ್ವ ಪರಂಪರೆಯ ತಾಣವಾಯಿತು. ಆದರೆ ಕೋಟೆಗಳು ಹಂಪಿಯಲ್ಲಿ ಮಾತ್ರವಿಲ್ಲ. ನಮ್ಮ ಅನೇಕ ಊರುಗಳಲ್ಲಿ ಬುರುಜು, ಅಗಸೆಬಾಗಿಲುಗಳಿವೆ. ಅವುಗಳ ಮುಂದೆ ನಿಂತು ತೆಗೆಸಿದ ಮದುವೆಯ ಅಥವಾ ಶಾಲೆಯ ಚಿತ್ರಗಳು ಅನೇಕ ಮನೆಗಳ ಪೆಟ್ಟಿಗೆಗಳಲ್ಲಿವೆ. ಅಂತಹ ಚಿತ್ರದ ಹಿಂಬದಿಯಲ್ಲಿ ಸ್ಥಳ, ವರ್ಷ ಮತ್ತು ನೋಟದ ದಿಕ್ಕನ್ನು ಸೀಸದ ಕಡ್ಡಿಯಿಂದ ಮೆಲ್ಲಗೆ ಬರೆದಿಡಬೇಕು. ತೇವ ಮತ್ತು ಬಿಸಿಲಿನಿಂದ ಅದನ್ನು ಕಾಪಾಡಬೇಕು.

ನಮ್ಮ ಸಮ್ಮಿಶ್ರ ಸಂಸ್ಕೃತಿಯ ಶ್ರೀಮಂತ ಪರಂಪರೆಯನ್ನು ಗೌರವಿಸಿ ರಕ್ಷಿಸುವುದು ಸಂವಿಧಾನದ 51ಎ ಅನುಚ್ಛೇದವು ವಿಧಿಸಿದ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಮನೆಯಲ್ಲಿರುವ ಒಂದು ಹಳೆಯ ಚಿತ್ರವನ್ನು ಜೋಪಾನ ಮಾಡುವುದರಿಂದಲೂ ಆ ಕರ್ತವ್ಯವನ್ನು ಪಾಲಿಸಲು ತೊಡಗಬಹುದು.