ಇನ್ಸುಲಿನ್ ಎಲ್ಲಿಂದ ಬರುತ್ತದೆ? ಒಂದು ಪ್ರೋಟೀನಿನ ಪಾಠ



ದ್ವಿತೀಯ ಪಿಯುಸಿ ತರಗತಿಯಲ್ಲಿ ಜೈವಿಕ ತಂತ್ರಜ್ಞಾನದ ಪಾಠ ಮುಗಿಸಿ ಹೊರಗೆ ಬರುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಹಿಂದೆಯೇ ಬಂದಳು. "ಮೇಡಂ, ಒಂದು ವಿಷಯ ಕೇಳಬೇಕಿತ್ತು" ಎಂದಳು. ಅವಳ ನಾನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಇನ್ನು ಮಾತ್ರೆ ಸಾಲದು, ಇನ್ಸುಲಿನ್ ತೆಗೆದುಕೊಳ್ಳಲೇಬೇಕು ಎಂದು ಡಾಕ್ಟರು ಹೇಳಿದ್ದರು. ಔಷಧಿ ತಂದು ಫ್ರಿಜ್‌ನಲ್ಲಿ ಇಟ್ಟದ್ದೂ ಆಗಿತ್ತು. ಆದರೆ ನಾನಿ ಚುಚ್ಚಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. "ಅದನ್ನು ಹಂದಿಯಿಂದ ತೆಗೆಯುತ್ತಾರೆ" ಎಂದು ಯಾರೋ ಸಂಬಂಧಿಕರು ಹೇಳಿದ್ದರಂತೆ.

"ಅದು ನಿಜವಾ ಮೇಡಂ?"

ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳಿಸಬಹುದಿತ್ತು. ಆದರೆ ಅವಳು ಮನೆಗೆ ಹೋಗಿ ನಾನಿಗೆ ವಿವರಿಸಬೇಕು. ನಾನಿ "ಹೇಗೆ?" ಎಂದು ಕೇಳಿದರೆ ಉತ್ತರ ಇರಬೇಕು. ಹಾಗಾಗಿ ಮರುದಿನ ಇಡೀ ತರಗತಿಗೆ ಇನ್ಸುಲಿನ್ ಬಗ್ಗೆಯೇ ಪಾಠ ಮಾಡಿದೆ. ಪ್ರೋಟೀನ್ ಹೇಗೆ ತಯಾರಾಗುತ್ತದೆ, ಅದರ ರಚನೆ ಏನು, ಬೇರೆ ಬೇರೆ ಜೀವಿಗಳ ಪ್ರೋಟೀನುಗಳನ್ನು ಹೋಲಿಸುವುದು ಹೇಗೆ ಎಂಬ ಮೂರೂ ಪ್ರಶ್ನೆಗೆ ಈ ಒಂದು ಪ್ರೋಟೀನಿನಲ್ಲೇ ಉತ್ತರವಿದೆ. ಆ ಪಾಠವನ್ನೇ ಇಲ್ಲಿ ಬರೆದಿದ್ದೇನೆ.

1. ಇನ್ಸುಲಿನ್ ಅಂದರೆ ಏನು?

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರ. ಮಣಿಗಳನ್ನು ದಾರದಲ್ಲಿ ಪೋಣಿಸಿದ ಹಾಗೆ ಅಮೈನೋ ಆಮ್ಲಗಳು ಪೆಪ್ಟೈಡ್ ಬಂಧದಿಂದ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಸಾಮಾನ್ಯವಾಗಿ ಬಳಕೆಯಾಗುವುದು 20 ಬಗೆಯ ಮಣಿಗಳು. ಯಾವ ಮಣಿಯ ಪಕ್ಕ ಯಾವ ಮಣಿ ಎಂಬ ಕ್ರಮ ಬದಲಾದರೆ ಪ್ರೋಟೀನ್ ಬದಲಾಗುತ್ತದೆ.

ಇನ್ಸುಲಿನ್ ತೀರ ಚಿಕ್ಕ ಪ್ರೋಟೀನ್. ಅದರಲ್ಲಿ ಇರುವುದು 51 ಅಮೈನೋ ಆಮ್ಲಗಳು. ಅವು ಎರಡು ಸರಗಳಾಗಿವೆ: ಎ ಸರದಲ್ಲಿ 21, ಬಿ ಸರದಲ್ಲಿ 30. ಈ ಪಾಠದಲ್ಲಿ ಬಿ30 ಎಂದರೆ ಬಿ ಸರದ 30ನೇ ಮಣಿ, ಎ8 ಎಂದರೆ ಎ ಸರದ 8ನೇ ಮಣಿ ಎಂದು ತಿಳಿಯಿರಿ.

ಪ್ರೋಟೀನಿನಲ್ಲಿ ಮಣಿಗಳ ಕ್ರಮ ನಿಶ್ಚಿತವಾಗಿರುತ್ತದೆ ಎಂಬುದು ಒಂದು ಕಾಲದಲ್ಲಿ ಯಾರಿಗೂ ಖಾತ್ರಿಯಿರಲಿಲ್ಲ. ಅದನ್ನು ತೋರಿಸಿಕೊಟ್ಟವರು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಫ್ರೆಡರಿಕ್ ಸ್ಯಾಂಗರ್. ಅವರು ಹಸುವಿನ ಇನ್ಸುಲಿನ್ ಅನ್ನು ತುಂಡು ತುಂಡಾಗಿ ಬಿಡಿಸಿ, ತುಂಡುಗಳ ಕ್ರಮ ಹೊಂದಿಸಿ, 1955ರ ಹೊತ್ತಿಗೆ ಪೂರ್ತಿ ಸರವನ್ನು ಓದಿ ಮುಗಿಸಿದರು. ಪೂರ್ತಿ ಕ್ರಮ ತಿಳಿದ ಮೊಟ್ಟಮೊದಲ ಪ್ರೋಟೀನ್ ಇದೇ. ಇದಕ್ಕೆ ಅವರಿಗೆ 1958ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

2. ದೇಹ ಇದನ್ನು ಹೇಗೆ ತಯಾರಿಸುತ್ತದೆ?

ಇನ್ಸುಲಿನ್ ತಯಾರಾಗುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ. ಅದರ ಜೀನ್ ಇರುವುದು ನಮ್ಮ 11ನೇ ಕ್ರೋಮೋಸೋಮಿನಲ್ಲಿ.

ಮೊದಲ ಹಂತ ಟ್ರಾನ್ಸ್‌ಕ್ರಿಪ್ಷನ್, ಅಂದರೆ ನಕಲು ಮಾಡುವುದು. ಡಿಎನ್‌ಎಯಲ್ಲಿರುವ ಬರಹವನ್ನು ಆರ್‌ಎನ್‌ಎ ರೂಪದಲ್ಲಿ ನಕಲಿಸಲಾಗುತ್ತದೆ. ನಕಲಿನ ನಡುವೆ ಬೇಡವಾದ ಎರಡು ತುಣುಕುಗಳಿರುತ್ತವೆ. ಅವೇ ಇಂಟ್ರಾನ್‌ಗಳು. ಅವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಿದ ಮೇಲೆ ಎಂ-ಆರ್‌ಎನ್‌ಎ ಕೋಶಕೇಂದ್ರದಿಂದ ಹೊರಗೆ ಬರುತ್ತದೆ.

ಎರಡನೇ ಹಂತ ಟ್ರಾನ್ಸ್‌ಲೇಶನ್, ಅಂದರೆ ಅನುವಾದ. ರೈಬೋಸೋಮ್ ಎಂ-ಆರ್‌ಎನ್‌ಎಯನ್ನು ಮೂರು ಮೂರು ಅಕ್ಷರಗಳಂತೆ ಓದುತ್ತದೆ. ಮೂರಕ್ಷರದ ಗುಂಪೇ ಕೋಡಾನ್. ಒಟ್ಟು 64 ಕೋಡಾನ್‌ಗಳಲ್ಲಿ 61 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ, 3 "ಇಲ್ಲಿಗೆ ನಿಲ್ಲಿಸು" ಎನ್ನುತ್ತವೆ. ಈ ಸಂಕೇತವನ್ನು ಬಿಡಿಸಿದ ಕೆಲಸಕ್ಕೆ 1968ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಹರಗೋಬಿಂದ್ ಖೊರಾನಾ ಒಬ್ಬರು. ರೈಬೋಸೋಮಿನ ರಚನೆಯನ್ನು ತಿಳಿಸಿಕೊಟ್ಟದ್ದಕ್ಕೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು.

ಇಲ್ಲಿ ಒಂದು ವಿಷಯ ಗಮನಿಸಿ. ರೈಬೋಸೋಮ್ ಕಟ್ಟುವುದು 51 ಮಣಿಗಳ ಸರವನ್ನಲ್ಲ, 110 ಮಣಿಗಳ ಒಂದೇ ಉದ್ದನೆಯ ಸರವನ್ನು. ಉಳಿದ 59 ಎಲ್ಲಿ ಹೋಗುತ್ತವೆ?

ಮೊದಲ 24 ಮಣಿಗಳು ವಿಳಾಸದ ಚೀಟಿಯಂತೆ. ಸರವನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಒಳಗೆ ತಲುಪಿಸುವುದು ಅವುಗಳ ಕೆಲಸ. ತಲುಪಿದ ಮೇಲೆ ಚೀಟಿಯನ್ನು ಕತ್ತರಿಸಲಾಗುತ್ತದೆ. ಉಳಿದ 86 ಮಣಿಗಳ ಸರಕ್ಕೆ ಪ್ರೋಇನ್ಸುಲಿನ್ ಎಂದು ಹೆಸರು. ಅದು ಮಡಚಿಕೊಂಡು ಸರಿಯಾದ ಆಕಾರಕ್ಕೆ ಬಂದ ನಂತರ ನಡುವಿನ ಭಾಗವನ್ನು ಕಿಣ್ವಗಳು ತೆಗೆದುಹಾಕುತ್ತವೆ. ಈ ಭಾಗದಲ್ಲಿ 31 ಮಣಿಗಳ ಸಿ-ಪೆಪ್ಟೈಡ್ ಮತ್ತು ಅದರ ಎರಡು ಬದಿಯ ಎರಡೆರಡು ಮಣಿಗಳು ಸೇರಿವೆ. ಲೆಕ್ಕ ನೋಡಿ: 24 + 31 + 4 = 59. ಉಳಿದದ್ದು 51. ಅದೇ ಇನ್ಸುಲಿನ್.

ಸಿ-ಪೆಪ್ಟೈಡ್ ಸಹ ಇನ್ಸುಲಿನ್ ಜೊತೆಯಲ್ಲೇ ರಕ್ತಕ್ಕೆ ಬರುತ್ತದೆ. ರೋಗಿಯ ದೇಹ ಸ್ವಂತವಾಗಿ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತಿಳಿಯಲು ವೈದ್ಯರು ಸಿ-ಪೆಪ್ಟೈಡ್ ಪರೀಕ್ಷೆ ಬರೆಯುವುದು ಇದೇ ಕಾರಣಕ್ಕೆ. ಚುಚ್ಚುಮದ್ದಿನ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ.

3. ರಚನೆಯ ನಾಲ್ಕು ಹಂತಗಳು

ಪರೀಕ್ಷೆಯಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು. ಇನ್ಸುಲಿನ್ ಉದಾಹರಣೆಯಲ್ಲೇ ನೆನಪಿಡಿ.

ಪ್ರಾಥಮಿಕ ರಚನೆ: ಮಣಿಗಳ ಕ್ರಮ. ಸ್ಯಾಂಗರ್ ಓದಿದ್ದು ಇದನ್ನು.

ದ್ವಿತೀಯ ರಚನೆ: ಸರದ ಕೆಲವು ಭಾಗಗಳು ಸ್ಪ್ರಿಂಗ್‌ನಂತೆ ಸುರುಳಿಯಾಗುತ್ತವೆ. ಬಿ ಸರದ ನಡುವೆ ಒಂದು ಆಲ್ಫಾ ಸುರುಳಿ ಇದೆ, ಎ ಸರದಲ್ಲಿ ಎರಡು ಚಿಕ್ಕ ಸುರುಳಿಗಳಿವೆ. ಸರ ಯಾವ ಯಾವ ಕೋನಗಳಲ್ಲಿ ತಿರುಗಲು ಸಾಧ್ಯ ಎಂಬುದನ್ನು 1963ರಲ್ಲಿ ನಕ್ಷೆಯಾಗಿ ತೋರಿಸಿದವರು ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ಪ್ರಪಂಚದಾದ್ಯಂತ ಇಂದಿಗೂ ಬಳಸುವ ರಾಮಚಂದ್ರನ್ ನಕ್ಷೆ ಅದೇ. ನಂತರ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ತೃತೀಯ ರಚನೆ: ಸುರುಳಿಗಳೆಲ್ಲ ಮಡಚಿಕೊಂಡು ಬರುವ ಪೂರ್ಣ ಆಕಾರ. ಇದನ್ನು ಬಿಗಿಯಾಗಿ ಹಿಡಿಯುವುದು ಸಿಸ್ಟೀನ್ ಎಂಬ ಅಮೈನೋ ಆಮ್ಲ. ಇನ್ಸುಲಿನ್‌ನಲ್ಲಿ ಆರು ಸಿಸ್ಟೀನ್‌ಗಳಿವೆ. ಎರಡೆರಡು ಸೇರಿ ಮೂರು ಡೈಸಲ್ಫೈಡ್ ಬಂಧಗಳಾಗುತ್ತವೆ. ಅವುಗಳಲ್ಲಿ ಎರಡು ಬಂಧಗಳು ಎ ಮತ್ತು ಬಿ ಸರಗಳನ್ನು ಒಂದಕ್ಕೊಂದು ಕಟ್ಟುತ್ತವೆ, ಒಂದು ಎ ಸರದ ಒಳಗೇ ಇದೆ.

ಚತುರ್ಥಕ ರಚನೆ: ಬೀಟಾ ಕೋಶದಲ್ಲಿ ಶೇಖರವಾಗುವಾಗ ಆರು ಇನ್ಸುಲಿನ್ ಅಣುಗಳು ಸತುವಿನ ಸುತ್ತ ಒಟ್ಟಾಗಿ ಕೂರುತ್ತವೆ. ರಕ್ತಕ್ಕೆ ಬಂದ ಮೇಲೆ ಬಿಡಿ ಬಿಡಿಯಾಗಿ ಕೆಲಸಕ್ಕೆ ಹೋಗುತ್ತವೆ.

ಈ ಆಕಾರವನ್ನು ಎಕ್ಸ್-ರೇ ವಿಧಾನದಿಂದ ಕಂಡುಹಿಡಿದವರು ಡೊರೊಥಿ ಹಾಡ್ಜ್‌ಕಿನ್. ಇನ್ಸುಲಿನ್ ಹರಳಿನ ಮೊದಲ ಚಿತ್ರಗಳನ್ನು ಅವರು 1935ರಲ್ಲಿ ಪ್ರಕಟಿಸಿದರು, ಪೂರ್ಣ ಆಕಾರ ಸಿಕ್ಕಿದ್ದು 1969ರಲ್ಲಿ. ಮೂವತ್ತನಾಲ್ಕು ವರ್ಷ ಅವರು ಆ ಹರಳನ್ನು ಬಿಡಲಿಲ್ಲ. ಕೊನೆಯ ಹಂತದಲ್ಲಿ ಅವರ ತಂಡದಲ್ಲಿದ್ದ ಎಂ. ವಿಜಯನ್ ನಂತರ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಪ್ರೋಟೀನುಗಳ ರಚನೆಯ ಅಧ್ಯಯನವನ್ನು ನಮ್ಮ ದೇಶದಲ್ಲಿ ಬೆಳೆಸಿದರು.

ಆಕಾರ ಕೆಟ್ಟರೆ ಪ್ರೋಟೀನ್ ಕೆಟ್ಟಂತೆ. ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಮತ್ತೆ ನೀರಾಗುವುದಿಲ್ಲ ಅಲ್ಲವೇ? ಹಾಗಾಗಿ ಇನ್ಸುಲಿನ್ ಬಾಟಲಿಯನ್ನು ಬಿಸಿಲಲ್ಲಿ ಇಡಬಾರದು, ಫ್ರೀಜರ್‌ನಲ್ಲೂ ಇಡಬಾರದು. ಒಡೆಯದ ಬಾಟಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಮಾತ್ರೆಯಾಗಿ ನುಂಗಿದರೆ ಹೊಟ್ಟೆಯ ಕಿಣ್ವಗಳು ಮಾಂಸ, ಬೇಳೆಯ ಪ್ರೋಟೀನಿನಂತೆಯೇ ಅದನ್ನೂ ಜೀರ್ಣ ಮಾಡಿಬಿಡುತ್ತವೆ. ಚುಚ್ಚಿಕೊಳ್ಳಬೇಕಾದದ್ದು ಅದಕ್ಕೇ.

4. ಜೀವಿಗಳ ನಡುವೆ ಹೋಲಿಕೆ

ಈಗ ನಾನಿಯ ಪ್ರಶ್ನೆಗೆ ಹತ್ತಿರ ಬಂದೆವು. ಮನುಷ್ಯನ ಇನ್ಸುಲಿನ್ ಜೊತೆ ಬೇರೆ ಪ್ರಾಣಿಗಳ ಇನ್ಸುಲಿನ್ ಅನ್ನು ಮಣಿಗೆ ಮಣಿ ಇಟ್ಟು ಹೋಲಿಸಿದರೆ 51ರಲ್ಲಿ ಎಷ್ಟು ವ್ಯತ್ಯಾಸ?

ಹಂದಿ: 1 (ಬಿ30)
ಮೊಲ: 1 (ಬಿ30)
ಕುದುರೆ: 2 (ಎ9, ಬಿ30)
ಹಸು: 3 (ಎ8, ಎ10, ಬಿ30)
ಕುರಿ: 4 (ಎ8, ಎ9, ಎ10, ಬಿ30)
ಕೋಳಿ: 7 (ಎ8, ಎ9, ಎ10, ಬಿ1, ಬಿ2, ಬಿ27, ಬಿ30)
ಗಿನಿ ಪಿಗ್: 18

ಪಟ್ಟಿಯನ್ನು ನಿಧಾನವಾಗಿ ನೋಡಿ. ಮೂರು ಸಂಗತಿ ಕಾಣುತ್ತವೆ.

ಒಂದು, ಹಂದಿಯಿಂದ ಕೋಳಿಯವರೆಗೆ ವ್ಯತ್ಯಾಸಗಳು ಎಲ್ಲೆಂದರಲ್ಲಿ ಇಲ್ಲ. ಎ8ರಿಂದ ಎ10ರವರೆಗೆ ಮತ್ತು ಬಿ ಸರದ ಎರಡು ತುದಿಗಳಲ್ಲಿ ಗುಂಪಾಗಿವೆ. ಅಲ್ಲಿ ಮಣಿ ಬದಲಾದರೂ ಇನ್ಸುಲಿನ್ ಕೆಲಸ ನಿಲ್ಲುವುದಿಲ್ಲ, ಹಾಗಾಗಿ ಆ ಬದಲಾವಣೆ ತಲೆಮಾರುಗಳಲ್ಲಿ ಉಳಿದುಕೊಂಡಿದೆ. ಆದರೆ ಆರು ಸಿಸ್ಟೀನ್‌ಗಳು ಗಿನಿ ಪಿಗ್‌ನಲ್ಲೂ ತಮ್ಮ ಜಾಗದಲ್ಲೇ ಇವೆ. ಅವು ಕದಲಿದರೆ ಆಕಾರವೇ ಹೋಗುತ್ತದೆ. ಹೋಲಿಸಿ ನೋಡಿದಾಗ ಪ್ರೋಟೀನಿನಲ್ಲಿ ಯಾವ ಭಾಗ ಮುಖ್ಯ ಎಂಬುದು ಹೀಗೆ ತಾನಾಗಿ ತಿಳಿಯುತ್ತದೆ.

ಎರಡು, ಒಂದು ಮಣಿಯ ವ್ಯತ್ಯಾಸಕ್ಕೆ ಒಂದು ಅಕ್ಷರ ಸಾಕು. ಬಿ30ರಲ್ಲಿ ಹಂದಿಗೆ ಅಲನಿನ್, ಮನುಷ್ಯನಿಗೆ ಥ್ರಿಯೋನಿನ್. ಅಲನಿನ್‌ನ ಕೋಡಾನ್‌ನಲ್ಲಿ ಮೊದಲ ಅಕ್ಷರ ಜಿ ಇರುವಲ್ಲಿ ಎ ಬಂದರೆ ಅದು ಥ್ರಿಯೋನಿನ್ ಆಗುತ್ತದೆ.

ಮೂರು, ಒಂದೇ ಪ್ರೋಟೀನ್ ನೋಡಿ ಯಾರು ಯಾರಿಗೆ ಹತ್ತಿರ ಎಂದು ತೀರ್ಮಾನಿಸಬಾರದು. ಮೊಲದ ವ್ಯತ್ಯಾಸ 1, ಇಲಿಯ ಗುಂಪಿಗೆ ಸೇರಿದ ಗಿನಿ ಪಿಗ್‌ನದು ಕೋಳಿಗಿಂತಲೂ ಹೆಚ್ಚು! ಅದಕ್ಕೇ ವಿಜ್ಞಾನಿಗಳು ಅನೇಕ ಪ್ರೋಟೀನುಗಳನ್ನು ಹೋಲಿಸುತ್ತಾರೆ. ಉದಾಹರಣೆಗೆ ಉಸಿರಾಟದ ಪ್ರೋಟೀನ್ ಸೈಟೋಕ್ರೋಮ್ ಸಿ. ಅದರ 104 ಮಣಿಗಳಲ್ಲಿ ಮನುಷ್ಯನಿಗೂ ಚಿಂಪಾಂಜಿಗೂ ವ್ಯತ್ಯಾಸವೇ ಇಲ್ಲ, ಕುದುರೆಯೊಂದಿಗೆ 12 ವ್ಯತ್ಯಾಸಗಳಿವೆ.

5. ಹಾಗಾದರೆ ಬಾಟಲಿಯಲ್ಲಿರುವುದು ಯಾವುದು?

ಸಂಬಂಧಿಕರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಹಳೆಯ ಮಾತು. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿ ಕೊಟ್ಟದ್ದು ದನದ ಗ್ರಂಥಿಯಿಂದ ತೆಗೆದದ್ದು. ಅಲ್ಲಿಂದ ಸುಮಾರು ಅರವತ್ತು ವರ್ಷ ಪ್ರಪಂಚದ ರೋಗಿಗಳು ಬಳಸಿದ್ದು ದನ ಮತ್ತು ಹಂದಿಯ ಇನ್ಸುಲಿನ್. ಮೂರು ಮಣಿ ಬೇರೆಯಿದ್ದ ದನದ ಇನ್ಸುಲಿನ್ ವಿರುದ್ಧ ಕೆಲವರ ದೇಹ ಹೆಚ್ಚು ಪ್ರತಿಕಾಯಗಳನ್ನು ತಯಾರಿಸುತ್ತಿತ್ತು. ಒಂದೇ ಮಣಿ ಬೇರೆಯಿದ್ದ ಹಂದಿಯ ಇನ್ಸುಲಿನ್‌ಗೆ ಆ ತೊಂದರೆ ಕಡಿಮೆ.

1978ರಲ್ಲಿ ಅಮೆರಿಕದ ವಿಜ್ಞಾನಿಗಳು ದಾರಿ ಬದಲಿಸಿದರು. ಮನುಷ್ಯನ ಎ ಮತ್ತು ಬಿ ಸರಗಳಿಗೆ ಬೇಕಾದ ಡಿಎನ್‌ಎಯನ್ನು ಪ್ರಯೋಗಾಲಯದಲ್ಲೇ ಕಟ್ಟಿ, ಇ. ಕೋಲಿ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್‌ಗೆ ಸೇರಿಸಿದರು. ಬ್ಯಾಕ್ಟೀರಿಯಾಕ್ಕೆ ಇಂಟ್ರಾನ್ ಕತ್ತರಿಸಲು ಬಾರದು, ಆದ್ದರಿಂದ ಇಂಟ್ರಾನ್ ಇಲ್ಲದ ಡಿಎನ್‌ಎ ಬೇಕಾಯಿತು. ಎರಡು ಸರಗಳು ಬೇರೆ ಬೇರೆಯಾಗಿ ತಯಾರಾದವು, ಆಮೇಲೆ ಡೈಸಲ್ಫೈಡ್ ಬಂಧಗಳಿಂದ ಜೋಡಿಸಿದರು. ಈ ವಿಧಾನದ ಇನ್ಸುಲಿನ್‌ಗೆ ಅಮೆರಿಕದಲ್ಲಿ 1982ರಲ್ಲಿ ಅನುಮತಿ ಸಿಕ್ಕಿತು. (ನಿಮ್ಮ ಪಠ್ಯಪುಸ್ತಕದಲ್ಲಿ ಎಲಿ ಲಿಲ್ಲಿ ಕಂಪನಿಯ ಕೆಲಸಕ್ಕೆ 1983 ಎಂದಿದೆ, ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ.) ಬೆಂಗಳೂರಿನ ಬಯೋಕಾನ್ ಕಂಪನಿ ಯೀಸ್ಟ್‌ನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ಅನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು.

ಈಗ ಅಮೈನೋ ಆಮ್ಲಗಳನ್ನು ಬೇಕೆಂದೇ ಬದಲಿಸಿದ ಇನ್ಸುಲಿನ್‌ಗಳೂ ಇವೆ. ಬಿ28 ಮತ್ತು ಬಿ29 ಮಣಿಗಳನ್ನು ಅದಲು ಬದಲು ಮಾಡಿದರೆ ಆರು ಅಣುಗಳ ಗುಂಪು ಬೇಗ ಬಿಡಿಯಾಗುತ್ತದೆ, ಔಷಧಿ ಬೇಗ ಕೆಲಸ ಮಾಡುತ್ತದೆ. ಅದೇ ಲಿಸ್‌ಪ್ರೋ.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು: ಮನೆಗೆ ಹೋಗಿ ಪೆಟ್ಟಿಗೆಯ ಮೇಲಿನ ಬರಹ ಓದು. "ಹ್ಯೂಮನ್, ಆರ್-ಡಿಎನ್‌ಎ ಒರಿಜಿನ್" ಎಂದಿದ್ದರೆ ಅದು ಹಂದಿಯ ಗ್ರಂಥಿಯಿಂದ ತೆಗೆದದ್ದಲ್ಲ, ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ತಯಾರಿಸಿದ ಮನುಷ್ಯನದೇ ಇನ್ಸುಲಿನ್. "ಪೋರ್ಸಿನ್" ಎಂದಿದ್ದರೆ ಹಂದಿಯದು, "ಬೋವೈನ್" ಎಂದಿದ್ದರೆ ದನದ್ದು. ಧರ್ಮದ ಪ್ರಶ್ನೆ ಉಳಿದರೆ ತಿಳಿದ ಆಲಿಮರನ್ನು ಕೇಳಿ, ತೀರ್ಪು ಕೊಡುವುದು ಜೀವಶಾಸ್ತ್ರದ ಅಧ್ಯಾಪಕಿಯ ಕೆಲಸವಲ್ಲ. ಆದರೆ ಕೇಳುವವರೆಗೆ ಔಷಧಿ ನಿಲ್ಲಿಸಬೇಡಿ. ರಂಜಾನ್ ಉಪವಾಸದ ಮುಂಚೆ ಪ್ರಮಾಣದ ಬಗ್ಗೆ ಡಾಕ್ಟರನ್ನು ತಪ್ಪದೆ ಕಾಣಿ.

ವಾರದ ನಂತರ ಅವಳು ಸ್ಟಾಫ್ ರೂಮಿಗೆ ಬಂದಳು. ಪೆಟ್ಟಿಗೆಯ ಮೇಲೆ ಆರ್-ಡಿಎನ್‌ಎ ಎಂದೇ ಇತ್ತಂತೆ. ನಾನಿ ಎಲ್ಲ ಕೇಳಿಸಿಕೊಂಡು, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಅವಳನ್ನೇ ಬೈದರಂತೆ. ಈಗ ದಿನವೂ ಚುಚ್ಚುವವಳು ಅವಳೇ.

ನೀವೇ ಮಾಡಿ ನೋಡಿ

1. ಇನ್ಸುಲಿನ್‌ನ 110 ಮಣಿಗಳ ಮೊದಲ ಸರಕ್ಕೆ ನಿಲ್ಲಿಸುವ ಕೋಡಾನ್ ಸೇರಿ ಎಂ-ಆರ್‌ಎನ್‌ಎಯಲ್ಲಿ ಎಷ್ಟು ಅಕ್ಷರಗಳು ಬೇಕು?
2. ಹಸು ಮತ್ತು ಕುರಿಯ ಇನ್ಸುಲಿನ್ ಎ8, ಎ10, ಬಿ30ರಲ್ಲಿ ಒಂದೇ ಬಗೆಯವು. ಹಾಗಾದರೆ ಅವೆರಡರ ನಡುವೆ ಎಷ್ಟು ವ್ಯತ್ಯಾಸ?
3. ಚುಚ್ಚುಮದ್ದು ತೆಗೆದುಕೊಳ್ಳುವ ರೋಗಿಯ ರಕ್ತದಲ್ಲಿ ಇನ್ಸುಲಿನ್ ಇದೆ, ಸಿ-ಪೆಪ್ಟೈಡ್ ಇಲ್ಲವೇ ಇಲ್ಲ. ಇದರಿಂದ ಏನು ತಿಳಿಯುತ್ತದೆ?

ಉತ್ತರಗಳು: 1. 333. 2. ಒಂದು (ಎ9). 3. ಆ ರೋಗಿಯ ಬೀಟಾ ಕೋಶಗಳು ಸ್ವಂತ ಇನ್ಸುಲಿನ್ ತಯಾರಿಸುತ್ತಿಲ್ಲ.