ಗೆಲ್ಲಬೇಕಾದವನು ನೀನಲ್ಲ ಕಣಪ್ಪ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಕಡೆಯ ಗೆಳೆಯರನ್ನ, ಅವರ ಅಕ್ಕ-ಭಾವಂದಿರನ್ನ, ಚಿಕ್ಕಪ್ಪ-ಚಿಕ್ಕಮ್ಮಂದಿರನ್ನ ಸೇರಿಸಿ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿದ್ದೀಯ. ದಿನಕ್ಕೊಂದು ಪ್ರಶ್ನೆ ಹಾಕ್ತೀಯ. ಬೆಳಗಾದರೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಚಿತ್ರ ಬರೋ ಕಡೆ ತಲೆಗೆ ಕೆಲಸ ಕೊಡೋ ಒಂದು ಪ್ರಶ್ನೆ ಬಂದರೆ ಯಾರಿಗೆ ಬೇಡ? ನಿನ್ನ ತಲೆ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಅವಸರವೂ ಅಷ್ಟೇ ಇದೆ. ಅದಕ್ಕೇ ಸ್ವಲ್ಪ ಕೂತ್ಕೊ, ಹೇಳ್ತೀನಿ.

ನೀನು ಮೊದಲ ವಾರ ಕೇಳಿದ್ದನ್ನೆಲ್ಲ ನೋಡಿದೆ. ಬುರ್ಕಿನಾ ಫಾಸೋ ದೇಶದ ರಾಜಧಾನಿ ಯಾವುದು, 74ನೇ ಧಾತು ಯಾವುದು, ಎಲ್ಲವೂ ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕದಿಂದ ಎತ್ತಿದವು. ಯಾರೂ ಉತ್ತರ ಹೇಳಲಿಲ್ಲ. ರಾತ್ರಿ ನೀನೇ ಉತ್ತರ ಹಾಕಿ, ಪಕ್ಕದಲ್ಲಿ ನಗೋ ಮುಖದ ಚಿತ್ರ ಬೇರೆ ಇಟ್ಟೆ. ಆ ನಗು ನನಗೆ ಹಿಡಿಸಲಿಲ್ಲ. ಪ್ರಶ್ನೆ ಕೇಳುವವನಿಗೆ ಉತ್ತರ ಮೊದಲೇ ಗೊತ್ತಿರುತ್ತೆ, ಅದರಲ್ಲಿ ಅವನ ದೊಡ್ಡಸ್ತಿಕೆ ಏನಿದೆ? ಕೇಳಿಸಿಕೊಂಡವರು ನಾಳೆ ಬೆಳಿಗ್ಗೆ ಮತ್ತೆ ಫೋನ್ ತೆಗೆದು 'ಇವತ್ತೇನು ಕೇಳಿದ್ದಾನೆ ನೋಡೋಣ' ಅನ್ನಬೇಕು. ನಿನ್ನ ಗೆಲುವು ಅಷ್ಟೇ.

ನಾನು ಮೇಷ್ಟರಾಗಿದ್ದಾಗ ಶಾಲೆ ಜಗುಲಿಯ ಕರಿಹಲಗೆ ಮೇಲೆ ದಿನಾ ಒಂದು ಪ್ರಶ್ನೆ ಬರೆಯುತ್ತಿದ್ದೆ. ಸಂಜೆ ಗಂಟೆ ಹೊಡೆಯೋದರೊಳಗೆ ಉತ್ತರ ಹೇಳಬೇಕು. ಆಗ ಕಣ್ಣಾರೆ ಕಂಡಿದ್ದೀನಿ. ಬಗೆಹರಿಯದ ಪ್ರಶ್ನೆ ಮೇಲಿಂದ ಮೇಲೆ ಬಂದರೆ ಮಕ್ಕಳು ಹಲಗೆ ಕಡೆ ತಲೆ ಎತ್ತಿಯೂ ನೋಡದೆ ಹೋಗ್ತಾರೆ. ಅರ್ಧ ಗೊತ್ತಿದ್ದು ಅರ್ಧ ಮರೆತುಹೋದ ಪ್ರಶ್ನೆ ಇದ್ದರೆ ಊಟದ ಬಿಡುವಿನಲ್ಲೂ ಅದೇ ಮಾತು. ದಿನದ ಪ್ರಶ್ನೆ ಅನ್ನೋದು ಹಬ್ಬದೂಟವಲ್ಲ ಮಗಾ, ಮುದ್ದೆ-ಸಾರು. ದಿನಾ ಉಂಡರೂ ಬೇಜಾರಾಗಬಾರದು.

ಹಾಗಂತ ಸಪ್ಪೆ ಪ್ರಶ್ನೆ ಕೇಳು ಅಂತಲ್ಲ. ಕೇಳೋ ಬಗೆ ಕಲಿ. 'ಎಲಿಫೆಂಟ್ ಬಾಯ್ ಸಿನಿಮಾದ ನಾಯಕ ಯಾರು?' ಅಂತ ಕೇಳಿದೆ ಅನ್ನು. ಗೊತ್ತಿದ್ದವನು ಹೇಳ್ತಾನೆ, ಗೊತ್ತಿಲ್ಲದವನು ಫೋನ್ ಪಕ್ಕಕ್ಕಿಡ್ತಾನೆ. ಅದನ್ನೇ ಹೀಗೆ ಕೇಳಿ ನೋಡು: 'ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. 1937ರ ಇಂಗ್ಲಿಷ್ ಸಿನಿಮಾವೊಂದರಲ್ಲಿ ಆನೆ ಜೊತೆ ನಟಿಸಿ ಹಾಲಿವುಡ್‌ವರೆಗೂ ಹೋದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಯುದ್ಧವಿಮಾನದ ಬಾಲದ ಕಡೆ ಕೂತು ಬಂದೂಕು ಹಿಡಿದ. ಯಾರು?' ಈಗ ನೋಡು, ಕೋಟೆ ಕಡೆಯವರು ಎದ್ದು ಕೂರ್ತಾರೆ. 'ಕಾರಾಪುರದ ಹುಡುಗನಾ? ನಮ್ಮ ಕಬಿನಿ ಹತ್ತಿರದ ಕಾರಾಪುರದವನಾ?' ಅಂತ ಶುರುವಾಗುತ್ತೆ. ಸಾಬು ಅನ್ನೋ ಹೆಸರು ಗೊತ್ತಾದ ಮೇಲೆ ಯಾರೂ ಮರೆಯೋದಿಲ್ಲ. ಬುರ್ಕಿನಾ ಫಾಸೋವನ್ನ ಆಗಲೇ ಮರೆತಿದ್ದಾರೆ.

ನಮ್ಮ ಸೀಮೆಯಲ್ಲಿ ಪ್ರಶ್ನೆಗಳಿಗೇನು ಬರವೇ? ದಸರೆಗೆ ಆನೆಗಳ ಗಜಪಯಣ ಹೊರಡೋ ವೀರನಹೊಸಹಳ್ಳಿ ಯಾವ ತಾಲ್ಲೂಕಿನಲ್ಲಿದೆ? 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಬಳ್ಳೆ ಶಿಬಿರದ ಆನೆ ಯಾವುದು? ಅರ್ಜುನ ಅನ್ನುವಾಗ ಗುಂಪಿನಲ್ಲಿ ಒಂದಷ್ಟು ಜನರ ಕಣ್ಣು ತುಂಬುತ್ತೆ. 2023ರ ಡಿಸೆಂಬರ್‌ನಲ್ಲಿ ಕಾಡಾನೆ ಹಿಡಿಯೋಕೆ ಹೋದಾಗ ಅದು ಜೀವ ಬಿಟ್ಟಿತಲ್ಲ. 'ಸತ್ಯ ಹರಿಶ್ಚಂದ್ರ', 'ಬಭ್ರುವಾಹನ' ಎರಡನ್ನೂ ನಿರ್ದೇಶಿಸಿದವರ ಹೆಸರಿನ ಮುಂದೆಯೇ ನಮ್ಮ ಯಾವ ಊರಿದೆ? ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕೋ ಜಾಗಕ್ಕೆ ಏನಂತಾರೆ? ಹುಣಸೂರಿನ ಮೈಮೇಲೇ ಹರಿದುಹೋಗೋ ಲಕ್ಷ್ಮಣತೀರ್ಥ ಹುಟ್ಟೋದು ಯಾವ ಬೆಟ್ಟದಲ್ಲಿ? ಬೈಲಕುಪ್ಪೆಯ ಚಿನ್ನದ ದೇವಸ್ಥಾನ ನೋಡೋಕೆ ದಿನಾ ಬಸ್ಸುಗಟ್ಟಲೆ ಜನ ಬರ್ತಾರೆ, ಆ ನಾಮ್‌ಡ್ರೋಲಿಂಗ್ ಮಠ ಶುರುವಾದದ್ದು 1963ರಲ್ಲಿ ಅಂತ ಪಕ್ಕದ ಊರಿನವರಿಗೇ ಗೊತ್ತಿಲ್ಲ. ಮೊದಲು ಕಾಲಡಿಯ ನೆಲ ಕೇಳು, ಆಮೇಲೆ ಲೋಕ ಸುತ್ತು.

ಇನ್ನು ಪ್ರಶ್ನೆ ಬರೆದ ಮೇಲೆ ನೀನೇ ಒಂದು ಸಲ ವೈರಿಯ ಕಣ್ಣಿನಿಂದ ಓದಿಕೊ. 'ಕರ್ನಾಟಕ ಆದಾಗ ಮುಖ್ಯಮಂತ್ರಿ ಯಾರಾಗಿದ್ದರು?' ಅಂತ ಕೇಳಿದೆಯಲ್ಲ, ಅವತ್ತು ಏನಾಯ್ತು? ಕೆ.ಆರ್. ನಗರದವರು ನಿಜಲಿಂಗಪ್ಪ ಅಂದರು. ಹುಣಸೂರಿನವರು, ಬಿಟ್ಟುಕೊಡ್ತಾರಾ, ಕಲ್ಲಹಳ್ಳಿಯ ದೇವರಾಜ ಅರಸು ಅಂದರು. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾದಾಗ ನಿಜಲಿಂಗಪ್ಪ ಇದ್ದರು. 1973ರ ನವೆಂಬರ್ 1ಕ್ಕೆ ಕರ್ನಾಟಕ ಅಂತ ಹೆಸರಾದಾಗ ಅರಸು ಇದ್ದರು. ಎರಡೂ ಸರಿ, ತಪ್ಪಿದ್ದದ್ದು ನಿನ್ನ ಪ್ರಶ್ನೆ. ಇಸವಿ ಹಾಕಿದ್ದರೆ ಗಲಾಟೆ ಇರಲಿಲ್ಲ. ಅದರ ಮೇಲೆ ನೀನು 'ನಾನು ಹೇಳಿದ್ದೇ ಉತ್ತರ, ಮುಗೀತು' ಅಂತ ಬರೆದೆ. ಹಾಗೆ ಬರೆಯಬಾರದಿತ್ತು. 'ಪ್ರಶ್ನೆ ಸರಿಯಾಗಿ ಕೇಳಲಿಲ್ಲ, ಇಬ್ಬರಿಗೂ ಅಂಕ' ಅಂದಿದ್ದರೆ ನಿನ್ನ ಮಾತಿಗೆ ಬೆಲೆ ಹೆಚ್ಚುತ್ತಿತ್ತು.

ಹಳೇ ಪುಸ್ತಕ ನಂಬಿಕೊಂಡೂ ಕೂರಬೇಡ. ಮೈಸೂರು ಜಿಲ್ಲೆಯಲ್ಲಿ ಎಷ್ಟು ತಾಲ್ಲೂಕು ಅಂದರೆ ನಮ್ಮ ಕಾಲದ ಮಗ್ಗಿ ಏಳು. ಈಗ ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆಯಾಗಿ ಒಂಬತ್ತಾಗಿದೆ. 'ಏಳು' ಅಂತ ನೀನು ತೀರ್ಪು ಕೊಟ್ಟರೆ ಸರಗೂರಿನವರು ಸುಮ್ಮನಿರ್ತಾರಾ? ಕಪಿಲೆ ಅಂದರೂ ಕಬಿನಿ ಅಂದರೂ ಅಂಕ ಕೊಡು. ಕಾಗುಣಿತ ತಪ್ಪಿದ್ದಕ್ಕೆ ಅಂಕ ಕಳೆಯೋ ಜಿಪುಣತನ ಮೇಷ್ಟರುಗಳಿಗೇ ಇರಲಿ, ನಿನಗೆ ಬೇಡ.

ಮೊದಲು ಹೇಳಿದವರಿಗೇ ಗೆಲುವು ಅಂತ ಇಟ್ಟಿದ್ದೀಯ. ಅದನ್ನ ಇವತ್ತೇ ತೆಗೆದುಹಾಕು. ಬೆಳಿಗ್ಗೆ ಆರೂವರೆಗೆ ಪ್ರಶ್ನೆ ಹಾಕ್ತೀಯ. ಆ ಹೊತ್ತಿಗೆ ಅರ್ಧ ಜನ ಡೇರಿಗೆ ಹಾಲು ಹಾಕೋಕೆ ಕ್ಯಾನ್ ಹಿಡಿದು ನಿಂತಿರ್ತಾರೆ. ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಬೇಕಂದರೆ ದಿಬ್ಬ ಹತ್ತಬೇಕು. ಹೊಗೆಸೊಪ್ಪು ಬೇಯಿಸೋ ಕಾಲದಲ್ಲಂತೂ ಬ್ಯಾರನ್ ಮುಂದೆ ರಾತ್ರಿಯೆಲ್ಲ ಉರಿ ನೋಡಿಕೊಂಡು, ಕಾವು ಏರದ ಹಾಗೆ ಇಳಿಯದ ಹಾಗೆ ಸೌದೆ ತುಂಬಿ, ಬೆಳಗಿನ ಜಾವ ಕಣ್ಣು ಮುಚ್ಚಿದವನು ಹತ್ತು ಗಂಟೆಗೆ ಏಳ್ತಾನೆ. ಎದ್ದು ನೋಡಿದರೆ ಹುಣಸೂರು ಪೇಟೆಯಲ್ಲಿ ಫ್ಯಾನ್ ಕೆಳಗೆ ಕೂತವರು ಆಗಲೇ ಗೆದ್ದಿರ್ತಾರೆ. ಉತ್ತರ ನಿನಗೊಬ್ಬನಿಗೇ ಬರಲಿ, ಗುಂಪಿನಲ್ಲಿ ಬೇಡ. ರಾತ್ರಿ ಎಂಟರವರೆಗೆ ಹೊತ್ತು ಕೊಡು. ಆಮೇಲೆ ಸರಿ ಹೇಳಿದ ಎಲ್ಲರ ಹೆಸರೂ ಹಾಕು. ಹೆಸರು ಹಾಕೋದನ್ನ ಮರೀಬೇಡ. ಒಬ್ಬರ ಹೆಸರು ಬಿಟ್ಟುಹೋದರೆ ಅವರು ಬಾಯಿಬಿಟ್ಟು ಹೇಳಲ್ಲ, ಮಾರನೇ ದಿನ ಉತ್ತರ ಕಳಿಸಲ್ಲ ಅಷ್ಟೇ.

ಗೂಗಲ್ ನೋಡಿ ಹೇಳ್ತಾರೆ ಅಂತ ಗೊಣಗ್ತೀಯ. ನೋಡಲಿ ಬಿಡು, ನೋಡಿದರೂ ಕಲಿತರಲ್ಲ. ನಿನಗೆ ಅಷ್ಟೊಂದು ಬೇಸರವಾದರೆ ಗೂಗಲ್‌ಗೆ ಗೊತ್ತಿಲ್ಲದ್ದನ್ನ ಕೇಳು. ಒಂದು ಸೇರಿಗೆ ನಾಲ್ಕು ಪಾವು, ಒಂದು ಖಂಡುಗಕ್ಕೆ ಇಪ್ಪತ್ತು ಕೊಳಗ, ಇದು ಪುಸ್ತಕದಲ್ಲೂ ಸಿಗುತ್ತೆ. ಆದರೆ 'ನಿಮ್ಮೂರಿನ ಕೊಳಗಕ್ಕೆ ಎಷ್ಟು ಸೇರು?' ಅಂತ ಕೇಳು. ಊರಿಗೊಂದು ಲೆಕ್ಕ ಇತ್ತು ಅದಕ್ಕೆ. ಅವತ್ತು ಮೊಮ್ಮಕ್ಕಳು ಅಜ್ಜ-ಅಜ್ಜಿಯರ ಹತ್ತಿರ ಓಡಬೇಕಾಗುತ್ತೆ. ನಿನ್ನ ಗುಂಪಿನಲ್ಲೇ ಒಂದು ಸಲ ಆಯ್ತಲ್ಲ, ಕೂರಿಗೆ ಚಿತ್ರ ಹಾಕಿ ಇದೇನು ಅಂತ ಕೇಳಿದ್ದೆ. ಒಂದು ದಿನವೂ ತುಟಿ ಬಿಚ್ಚದ ಅಜ್ಜಿಯೊಬ್ಬರು ಮೊಮ್ಮಗಳ ಫೋನಿನಿಂದ ದನಿ ಕಳಿಸಿದರು. ಹಿಂದೆ ಕೋಳಿ ಕೂಗು, ಯಾರೋ ಪಾತ್ರೆ ತೊಳೆಯೋ ಸದ್ದು. ಕೂರಿಗೆ ಹೆಸರು ಹೇಳಿ ಅಷ್ಟಕ್ಕೇ ಬಿಡಲಿಲ್ಲ. ಬಟ್ಟಲಿಗೆ ಕಾಳು ಹಾಕುವಾಗ ಕೈ ಹೇಗೆ ಆಡಿಸಬೇಕು, ಒಂದು ಸಾಲು ತಪ್ಪಿದರೆ ಮೊಳಕೆ ಬಂದಾಗ ಊರೆಲ್ಲ ಹೇಗೆ ಆಡಿಕೊಳ್ತಿತ್ತು, ಎಲ್ಲಾ ಹೇಳಿದರು. ನೀನು ಅದಕ್ಕೆ ಒಂದು ಹೆಬ್ಬೆಟ್ಟಿನ ಚಿತ್ರ ಹಾಕಿ ಮುಂದೆ ಹೋದೆ! ಅವತ್ತು ಆ ಅಜ್ಜಿಗೆ ಇನ್ನೆರಡು ಪ್ರಶ್ನೆ ಕೇಳಬೇಕಿತ್ತು ಕಣಪ್ಪ. ಈಗಲೂ ಹೊತ್ತು ಮೀರಿಲ್ಲ, ಕೇಳು.

ಉತ್ತರ ಹಾಕುವಾಗ ಎರಡು ಸಾಲು ವಿವರಣೆ ಇರಲಿ. ಡಾ. ನಾ. ಸೋಮೇಶ್ವರ ಅವರು ಚಂದನ ವಾಹಿನಿಯಲ್ಲಿ 2002ರಿಂದ 'ಥಟ್ ಅಂತ ಹೇಳಿ' ನಡೆಸಿಕೊಂಡು ಬಂದರಲ್ಲ, ಸಾವಿರಾರು ಕಂತು. ಅವರನ್ನ ಗಮನವಿಟ್ಟು ನೋಡು. ತಪ್ಪು ಹೇಳಿದವರನ್ನ ಹಂಗಿಸಲ್ಲ. ಸರಿ ಉತ್ತರದ ಹಿಂದೆ ಏನಿದೆ ಅಂತ ಬಿಡಿಸಿ ಹೇಳ್ತಾರೆ. ಬಹುಮಾನವಾಗಿ ಕೊಡೋದು ಪುಸ್ತಕ, ದುಡ್ಡಲ್ಲ. ನೀನೂ ತಿಂಗಳಿಗೊಂದು ಪುಸ್ತಕ ಕೊಡು. ಬಸ್ಸಿನವರ ಕೈಲಿ ಕಳಿಸಿದರೂ ಆಯ್ತು. ರೀಚಾರ್ಜ್ ಮಾಡಿಸ್ತೀನಿ ಅಂತ ಮಾತ್ರ ಆಸೆ ಹುಟ್ಟಿಸಬೇಡ. ದುಡ್ಡು ಬಂದ ಕಡೆ ಜಗಳವೂ ಬರುತ್ತೆ.

ಜಾತಿ, ಪಕ್ಷ, ಯಾರ ದೇವರು ದೊಡ್ಡದು, ಇವು ಬೇಡ. ಹಾಡಿಯ ಜನರ ಬಗ್ಗೆ ಕೇಳೋದಿದ್ದರೆ ಹಾಡಿಯವರೇ ಓದ್ತಾರೆ ಅಂತ ತಿಳಿದು ಬರಿ. ಚುನಾವಣೆ ಕಾಲದಲ್ಲಿ ಹಕ್ಕಿ, ಹೂವು, ಸಿನಿಮಾ ಹಾಡು ಕೇಳಿಕೊಂಡು ದಾಟಿಬಿಡು.

ಕೊನೇದಾಗಿ ಒಂದು. ಇವತ್ತು ಹುಮ್ಮಸ್ಸಿದೆ, ದಿನಕ್ಕೆ ಮೂರು ಪ್ರಶ್ನೆ ಹಾಕೋಣ ಅನ್ನಿಸುತ್ತೆ. ನಾಳೆ ಪರೀಕ್ಷೆ ಬರುತ್ತೆ, ಇಲ್ಲಾ ಬೆಂಗಳೂರಿನಲ್ಲಿ ಕೆಲಸ ಸಿಗುತ್ತೆ. ಆಗ ನಿಂತುಹೋದರೆ ಜನ ಒಂದು ವಾರ ಕಾಯ್ತಾರೆ, ಆಮೇಲೆ ಮತ್ತೆ ಗುಲಾಬಿ ಹೂವೇ ಗತಿ. ದಿನಕ್ಕೆ ಒಂದೇ ಸಾಕು. ಹದಿನೈದು ದಿನದ್ದು ಯಾವಾಗಲೂ ನೋಟ್‌ಬುಕ್ಕಿನಲ್ಲಿ ಮುಂಚೇನೇ ಬರೆದಿಟ್ಟಿರು. ನಾಲ್ಕು ತಾಲ್ಲೂಕಿನಿಂದ ಒಬ್ಬೊಬ್ಬರನ್ನ ಆರಿಸಿ ವಾರದಲ್ಲಿ ಒಂದೊಂದು ದಿನ ಅವರ ಕೈಗೆ ಕೊಡು. ಕೋಟೆ ದಿನ ಕೋಟೆಯವರು ಕೇಳಲಿ, ನೀನು ಎಲ್ಲರ ಹಾಗೆ ಉತ್ತರ ಕಳಿಸು. ತಪ್ಪಾದರೆ ತಪ್ಪಾಗಲಿ. ಬರೋ ಸೋಮವಾರದಿಂದಲೇ ಶುರುಮಾಡು, ಮೊದಲ ಪ್ರಶ್ನೆಯನ್ನ ಪಿರಿಯಾಪಟ್ಟಣದವರಿಗೆ ಬಿಡು.