ಕ್ರಿಯಾಪದ ಯಾರ ಮುಖ ನೋಡುತ್ತದೆ?

ಕ್ರಿಯಾಪದದ ಕೊನೆಯ ಪ್ರತ್ಯಯ ವಾಕ್ಯದ ಯಾವುದೋ ಒಂದು ಪದದ ಮುಖ ನೋಡಿ ಬದಲಾಗುತ್ತದೆ. ಯಾವ ಪದ ಎಂಬುದರಲ್ಲಿ ಭಾಷೆಗಳ ನಡುವೆ ಒಮ್ಮತವಿಲ್ಲ. ಕನ್ನಡ, ಮರಾಠಿ, ದಖನಿ ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಈ ಭಿನ್ನಮತ ವ್ಯಾಕರಣ ಪುಸ್ತಕ ತೆರೆಯದೆಯೇ ಎದುರಾಗುತ್ತದೆ.

ಕನ್ನಡದಲ್ಲಿ ಧಾತು, ಕಾಲಸೂಚಕ, ಕರ್ತೃವಿನ ಗುರುತು ಸಾಲಾಗಿ ಬರುತ್ತವೆ. ಲಿಂಗಭೇದವಿರುವುದು ಪ್ರಥಮ ಪುರುಷದಲ್ಲಿ ಮಾತ್ರ. ‘ಮಾಡ್ತೀನಿ’ ಎಂದವರು ಗಂಡೋ ಹೆಣ್ಣೋ ಆ ಪದದಿಂದ ತಿಳಿಯದು. ಮರಾಠಿಯಲ್ಲಿ ಗಂಡಸು ‘ಮೀ ಕರತೋ’ ಎಂದರೆ ಹೆಂಗಸು ‘ಮೀ ಕರತೇ’ ಎನ್ನಬೇಕು. ಕನ್ನಡದ ಮನೆಯಿಂದ ಮರಾಠಿ ಮನೆಗೆ ಹೋದ ಸೊಸೆ ಮೊದಮೊದಲು ಎಡವುವುದು ಇಲ್ಲೇ. ತೆಲುಗಿನ ‘ಚೇಸ್ತುಂದಿ’ಯಂತೂ (ಮಾಡುತ್ತಾಳೆ, ಮಾಡುತ್ತದೆ) ಹೆಂಗಸಿಗೂ ಎತ್ತಿಗೂ ಒಂದೇ.

ಭೂತಕಾಲದಲ್ಲಿ ತೊಡಕು ಹೆಚ್ಚು. ಮಾವಿನಹಣ್ಣಾದರೂ ಚಪಾತಿಯಾದರೂ ಕನ್ನಡಿಗ ‘ತಿಂದೆ’ ಎಂದೇ ಹೇಳುತ್ತಾನೆ. ಮರಾಠಿಯಲ್ಲಿ ‘ಮೀ ಆಂಬಾ ಖಾಲ್ಲಾ’, ಆದರೆ ‘ಮೀ ಪೋಳೀ ಖಾಲ್ಲೀ’: ಕ್ರಿಯಾಪದ ತಿಂದವನನ್ನು ಬಿಟ್ಟು ತಿಂದ ಪದಾರ್ಥದ ಲಿಂಗ ಹಿಡಿಯುತ್ತದೆ. ಇದು ನಾಲಿಗೆಗೆ ಒಗ್ಗಲು ಈ ಲೇಖಕನಿಗೆ ವರ್ಷಗಳೇ ಹಿಡಿದವು. ರೂಪಗಳ ಪಟ್ಟಿ ಬಾಯಿಪಾಠ ಮಾಡಿದ್ದು ಕೆಲಸಕ್ಕೆ ಬರಲಿಲ್ಲ, ಹಣ್ಣಂಗಡಿಯಲ್ಲಿ ತಿದ್ದಿಸಿಕೊಂಡದ್ದು ಬಂತು. ಗ್ರಾಂಥಿಕ ಉರ್ದುವಿನಲ್ಲೂ ಇದೇ ಕಟ್ಟಳೆ, ‘ಮೈನೇ ರೋಟೀ ಖಾಯೀ’. ದಖನಿ ಮಾತ್ರ ‘ಮೈ ರೋಟೀ ಖಾಯಾ’ ಎಂದು ಕರ್ತೃವಿನ ಕಡೆಗೇ ವಾಲುತ್ತದೆ, ಥೇಟ್ ಕನ್ನಡದಂತೆ.

ಇಂಥ ಹೊಂದಾಣಿಕೆಯನ್ನು ಸಂಶೋಧಕರಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಗುರುತಿಸಿ 1971ರಲ್ಲಿ ಪ್ರಕಟಿಸಿದರು. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳಲ್ಲಿ ಪದಗಳು ಬೇರೆ, ವಾಕ್ಯದ ಹಂದರ ಹೆಚ್ಚುಕಡಿಮೆ ಒಂದೇ. ಬೀದರ್ ಕಡೆಯ ಕನ್ನಡದಲ್ಲೂ ಇಂಥ ಹೋಲಿಕೆಯಿದೆ: ‘ಮಾಡ್ಲತ್ತೀನಿ’ಯ (ಮಾಡುತ್ತಿದ್ದೇನೆ) ಒಳಗಿರುವುದು ‘ಹತ್ತು’ ಧಾತು. ಮರಾಠಿಯ ‘ಕರೂ ಲಾಗಲೋ’ದಲ್ಲಿರುವ ‘ಲಾಗ್’ಗೂ ಹತ್ತು, ಅಂಟು ಎಂಬುದೇ ಅರ್ಥ. ಮರಾಠಿಯಲ್ಲಿ ಅದು ಕೆಲಸದ ಆರಂಭ ಸೂಚಿಸಿದರೆ ಕನ್ನಡದಲ್ಲಿ ನಡೆಯುತ್ತಿರುವ ಕೆಲಸಕ್ಕೆ ಸಲ್ಲುತ್ತದೆ.

ನಿಷೇಧರೂಪದಲ್ಲಿ ಇಂದಿನ ಕನ್ನಡವೇ ಸೋಮಾರಿ. ನಾನು, ನೀನು, ಅವಳು ಎಲ್ಲರಿಗೂ ‘ಬರುವುದಿಲ್ಲ’ ಒಂದೇ ಸಾಕು. ಹಳೆಯ ಭಾಷೆಯಲ್ಲಿ ಬಾರೆನು, ಬಾರನು, ಬಾರಳು ಎಂದು ಪುರುಷ, ಲಿಂಗ ಎರಡೂ ಬೇರೆಯಾಗಿ ತೋರುತ್ತಿದ್ದವು. ಕಾಲದ ಗುರುತು ಮಾತ್ರ ಇರುತ್ತಿರಲಿಲ್ಲ. 12ನೇ ಶತಮಾನದ ಕಲ್ಯಾಣದ ವಚನಕಾರರಿಗೆ ಪ್ರಿಯವಾಗಿದ್ದ ‘ಅರಿಯೆ’, ‘ಒಲ್ಲೆ’ ಇದೇ ಬಗೆಯವು. ಅವುಗಳಲ್ಲಿ ‘ಒಲ್ಲೆ’ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇನ್ನೂ ಉಳಿದಿದೆ: ನಾ ಒಲ್ಲೆ, ಅಂವ ಒಲ್ಲ, ಆಕಿ ಒಲ್ಲಳು.